ಹುಲ್ಲುಗಾವಲಿನ ಯಜಮಾನಿತಿ

ಹೊಸದಾಗಿ ಸಂಸಾರ ಹೂಡಿದ ಹೆಣ್ಣಿಗೆ ಮೊದಲು ಬರುವ ಚಿಂತೆ ಪಾತ್ರೆಪಡಗಗಳನ್ನು ಎಲ್ಲಿಡಬೇಕೆಂಬುದು. 1854ರ ಡಿಸೆಂಬರ್ 10ರಂದು ಮದುವೆಯಾಗಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ದಕ್ಷಿಣದಂಚಿನ ಬಯಲಿಗೆ ಸಂಸಾರ ಮಾಡಬಂದ ಹೆನ್ರಿಯೆಟ್ಟಾ ಕಿಂಗ್ ಎಂಬಾಕೆಗೂ ಈ ಚಿಂತೆ ಬಂದಿತು. ಆಕೆಗೆ ಸಿಕ್ಕಿದ ಮನೆಯನ್ನು ಆ ಸೀಮೆಯವರು ‘ಹಕಾಲ್’ ಎನ್ನುತ್ತಿದ್ದರು. ಕೋಲುಗಳನ್ನು ನೆಟ್ಟು ಅವುಗಳ ಸಂದಿಗೆ ಮಣ್ಣು ಮೆತ್ತಿದ ಗುಡಿಸಲು ಅದು. ತವರಿನಿಂದ ತಂದ ದೊಡ್ಡ ಹರಿವಾಣಗಳನ್ನು ಒಳಗಿಡಲು ಅಲ್ಲಿ ಸ್ಥಳವಿರಲಿಲ್ಲ. ಆಕೆ ಅವನ್ನು ಹೊರಗೋಡೆಗೆ ತೂಗುಹಾಕಿದಳು. ನೆರೆಯವರು ನೋಡಿ ನಗುವರೆಂಬ ಭಯವೇನೂ ಇರಲಿಲ್ಲ. ದಿಗಂತದವರೆಗೆ ಕಣ್ಣು ಹಾಯಿಸಿದರೂ ನೆರೆಯೆಂಬುದೇ ಇರಲಿಲ್ಲ.

ಎಪ್ಪತ್ತು ವರ್ಷಗಳ ಮೇಲೆ, 1925ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ಈಕೆ ಕಣ್ಣುಮುಚ್ಚಿದಾಗ ಆಕೆಯ ಆಸ್ತಿಯ ನೆಲ ಹತ್ತು ಲಕ್ಷ ಎಕರೆಗೂ ಮಿಕ್ಕಿತ್ತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಥೆ ಬಡತನದಿಂದ ಸಿರಿತನಕ್ಕೆ ಏರಿದ ಸುಖಾಂತ ಕಥೆಯಂತೆ ತೋರುತ್ತದೆ. ಬಹುಮಂದಿ ಅದನ್ನು ಹಾಗೆಯೇ ಹೇಳಿಯೂ ಇದ್ದಾರೆ. ಆದರೆ ಆಕೆಯ ಬಾಳಿನ ತಿರುಳು ಎಕರೆಯ ಲೆಕ್ಕದಲ್ಲಿ ಸಿಕ್ಕುವಂಥದಲ್ಲ. ಗಂಡ ಗಳಿಸಿದ ನೆಲದ ಜೊತೆಗೆ ಗಂಡ ಮಾಡಿದ ಸಾಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ನಲವತ್ತು ವರ್ಷ ಕಪ್ಪುಡುಗೆಯಲ್ಲಿ ಬಾಳಿದ ವಿಧವೆಯ ಬಾಳು ಅದು.

ಹೆನ್ರಿಯೆಟ್ಟಾ ಹುಟ್ಟಿದ್ದು 1832ರ ಜುಲೈ 21ರಂದು, ಮಿಸೌರಿ ಸಂಸ್ಥಾನದ ಬೂನ್‌ವಿಲ್ ಎಂಬ ಊರಿನಲ್ಲಿ. ತಂದೆ ಹೈರಮ್ ಚೇಂಬರ್ಲಿನ್ ಪ್ರೆಸ್ಬಿಟೀರಿಯನ್ ಪಂಥದ ಪಾದ್ರಿ. ಧರ್ಮಬೋಧನೆಗಾಗಿ ಊರೂರು ಸುತ್ತುವವನು. ಮಗುವಿಗೆ ಇನ್ನೂ ಮೂರು ತುಂಬುವ ಸುಮಾರಿನಲ್ಲಿಯೇ, 1835ರಲ್ಲಿ, ತಾಯಿ ತೀರಿಕೊಂಡಳು. ತಾಯಿಯಿಲ್ಲದ ಮನೆಯಲ್ಲಿ, ತಂದೆಯೂ ಬಹುಕಾಲ ಹೊರಗೇ ಇರುತ್ತಿದ್ದಾಗ ಹುಡುಗಿ ಬೇಗನೆ ಎರಡು ಪಾಠಗಳನ್ನು ಕಲಿತಳು. ಒಂಟಿಯಾಗಿರುವುದು ಒಂದು, ಯಾರೂ ನೋಡದಿದ್ದಾಗಲೂ ನೇಮ ತಪ್ಪದಿರುವುದು ಇನ್ನೊಂದು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್‌ನ ಹೆಣ್ಣುಮಕ್ಕಳ ಶಾಲೆಗೆ ಸೇರಿ ಎರಡು ವರ್ಷ ಓದಿದಳು. ಆಮೇಲೆ ತಂದೆ ಟೆಕ್ಸಾಸಿನ ತುತ್ತತುದಿಯ ಬ್ರೌನ್ಸ್‌ವಿಲ್‌ನಲ್ಲಿ ಮಿಷನ್ ಸ್ಥಾಪಿಸಲು ಹೋದಾಗ ಆಕೆಯೂ ಅಲ್ಲಿಗೆ ಹೋದಳು.

ಬ್ರೌನ್ಸ್‌ವಿಲ್ ಎಂಬುದು ರಿಯೋ ಗ್ರಾಂಡೆ ನದಿಯ ದಡದ ಊರು. ನದಿಯ ಆಚೆ ದಡ ಮೆಕ್ಸಿಕೋ. ಎರಡು ದೇಶಗಳ ಯುದ್ಧ 1848ರಲ್ಲಿ ಮುಗಿದು, ಸೈನಿಕರು, ವರ್ತಕರು, ಕಳ್ಳಸಾಗಣೆಗಾರರು, ಹಡಗಿನವರು ಎಲ್ಲರೂ ಬೆರೆತಿದ್ದ ಒರಟು ಊರು. ಪಾದ್ರಿಗೆ ಅಲ್ಲಿ ಬಾಡಿಗೆಗೆ ಮನೆ ಸಿಕ್ಕಲಿಲ್ಲ. ದಡಕ್ಕೆ ಕಟ್ಟಿಹಾಕಿದ್ದ ‘ವೈಟ್‌ವಿಲ್’ ಎಂಬ ಹಳೆಯ ಉಗಿದೋಣಿಯನ್ನೇ ಮನೆ ಮಾಡಿಕೊಂಡನು. ಒಂದು ದಿನ ಇನ್ನೊಂದು ಉಗಿದೋಣಿಯ ಕ್ಯಾಪ್ಟನ್ ಬಂದು ನೋಡುತ್ತಾನೆ: ತನ್ನ ದೋಣಿ ನಿಲ್ಲುವ ಜಾಗದಲ್ಲಿ ಯಾವುದೋ ಮುರುಕಲು ದೋಣಿ! ಬಾಯಿಗೆ ಬಂದಂತೆ ಬೈಯತೊಡಗಿದನು. ಆಗ ದೋಣಿಯೊಳಗಿಂದ ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಹೊರಗೆ ಬಂದು, ಆತನ ಮಾತಿಗೂ ಆತನ ಕೊಳಕಿಗೂ ಸೇರಿಸಿ ಚೆನ್ನಾಗಿ ಬುದ್ಧಿ ಹೇಳಿದಳಂತೆ. ಬೈಯಲು ಬಂದವನು ಬೈಸಿಕೊಂಡು ಹೋದನು. ಅನಂತರ ಆ ಕ್ಯಾಪ್ಟನ್ ಪಾದ್ರಿಯ ಪ್ರಾರ್ಥನಾಸಭೆಗಳಿಗೆ ತಪ್ಪದೆ ಬರತೊಡಗಿದನು. ದೈವಭಕ್ತಿ ಹೀಗೆ ಹಠಾತ್ತಾಗಿ ಹುಟ್ಟುವುದಕ್ಕೆ ಕಾರಣವೇನಿರಬಹುದೆಂದು ಊರಿನವರು ಬಹಳ ಯೋಚಿಸಬೇಕಾಗಿರಲಿಲ್ಲ.

ಆ ಕ್ಯಾಪ್ಟನ್ನನೇ ರಿಚರ್ಡ್ ಕಿಂಗ್. ಐರ್ಲೆಂಡಿನಿಂದ ವಲಸೆ ಬಂದ ಬಡವರ ಮಗ. 1824ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿಯೇ ಒಬ್ಬ ಚಿನಿವಾರನ ಬಳಿ ಕೆಲಸಕ್ಕೆ ಬಿಟ್ಟಿದ್ದರು. ಅಲ್ಲಿಂದ ಓಡಿಹೋಗಿ, ಹಡಗೊಂದರಲ್ಲಿ ಕದ್ದು ಕುಳಿತು ದಕ್ಷಿಣಕ್ಕೆ ಬಂದು, ಹಡಗಿನವರ ನಡುವೆಯೇ ಬೆಳೆದನು. ಓದು ಅಷ್ಟಕ್ಕಷ್ಟೆ. ಮುಷ್ಟಿಕಾಳಗಕ್ಕೂ ವಿಸ್ಕಿಗೂ ಹಿಂದೆಗೆದವನಲ್ಲ. ಮದ್ಯವನ್ನು ಕಣ್ಣೆತ್ತಿ ನೋಡದ ಪಾದ್ರಿಯ ಮಗಳಿಗೂ ಇವನಿಗೂ ಎತ್ತಣಿಂದೆತ್ತ ಸಂಬಂಧ? ಮದುವೆ ಕೂಡಿಬರಲು ನಾಲ್ಕು ವರ್ಷ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಒಮ್ಮೆ ಕೂಡಿಬಂದ ಮೇಲೆ ಮಾತ್ರ ಆ ದಾಂಪತ್ಯ ಮೂವತ್ತು ವರ್ಷ ಗಟ್ಟಿಯಾಗಿ ನಿಂತಿತು.

ಕ್ಯಾಪ್ಟನ್ ನೆಲ ಕೊಂಡದ್ದು ಮದುವೆಗೆ ಒಂದು ವರ್ಷ ಮುಂಚೆ, 1853ರಲ್ಲಿ. ನ್ಯೂಯೆಸಸ್ ನದಿಗೂ ರಿಯೋ ಗ್ರಾಂಡೆಗೂ ನಡುವಣ ಬಯಲನ್ನು ಆಗ ಕಾಡುಕುದುರೆಗಳ ಮರುಭೂಮಿ ಎಂದು ಕರೆಯುತ್ತಿದ್ದರು. ಹುಲ್ಲು, ಮುಳ್ಳುಪೊದೆ, ಕುದುರೆಗಳ ಹಿಂಡು, ದರೋಡೆಕಾರರ ಹಿಂಡು ಇವಿಷ್ಟೇ ಅಲ್ಲಿದ್ದುದು. ಆ ಬಯಲಿನ ನಡುವೆ ಸಾಂತಾ ಗೆರ್ಟ್ರೂಡಿಸ್ ಎಂಬ ಹಳ್ಳ. ಅದರ ದಡದ 15,500 ಎಕರೆಯನ್ನು ಹಳೆಯ ಮೆಕ್ಸಿಕನ್ ಮನೆತನವೊಂದರ ವಾರಸುದಾರರಿಂದ ಆತ 300 ಡಾಲರಿಗೆ ಕೊಂಡನು. ಎಕರೆಗೆ ಎರಡು ಸೆಂಟಿಗಿಂತಲೂ ಕಡಮೆ. ಕ್ರಯಪತ್ರ ಶುದ್ಧವಾಗಿಯೇ ಇದ್ದೀತು. ಆದರೆ ಯುದ್ಧದಲ್ಲಿ ದೇಶ ಸೋತ ಜನ, ಹೊಸ ಸರಕಾರದ ಕಾನೂನನ್ನೂ ಭಾಷೆಯನ್ನೂ ಅರಿಯದ ಜನ, ತಾತನ ಕಾಲದ ನೆಲವನ್ನು ಮಾರುವಾಗ ಬೆಲೆಯನ್ನು ನಿಶ್ಚಯಿಸುವವರು ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಕಿಂಗ್ ಮನೆತನದ ಗುಣಗಾನ ಮಾಡುವವರು ಈ ಮಾತನ್ನು ಬೇಗಬೇಗ ದಾಟಿಕೊಂಡು ಹೋಗುತ್ತಾರೆ. ಆ ಸೀಮೆಯ ಮೆಕ್ಸಿಕನ್ ಮೂಲದ ಜನ ಇದನ್ನು ಇಂದಿಗೂ ಮರೆತಿಲ್ಲ.

‘ರಾಂಚ್’ ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಪದವಿಲ್ಲ. ಹೊಲವೂ ಅಲ್ಲ, ದೊಡ್ಡಿಯೂ ಅಲ್ಲ. ಸಾವಿರಾರು ದನಗಳು ಬೇಲಿಯಿಲ್ಲದೆ ಮೇಯುವ ಹುಲ್ಲುಗಾವಲು, ಅವನ್ನು ಕಾಯುವ ಸವಾರರು, ಆ ಸವಾರರ ಸಂಸಾರಗಳು, ಇವೆಲ್ಲಕ್ಕೂ ಒಂದೇ ಒಲೆ, ಒಂದೇ ಉಗ್ರಾಣ. ಅಮೃತಮಹಲಿನ ಕಾವಲುಗಳನ್ನು ಬಲ್ಲವರು ‘ಕಾವಲು’ ಎಂದರೆ ಅರ್ಥ ಅರ್ಧ ಹಿಡಿದಂತಾಯಿತು. ಉಳಿದ ಅರ್ಧ ಮನೆಯೊಡತಿಯ ಕೆಲಸಕ್ಕೆ ಸೇರಿದ್ದು.

ಈ ಕಾವಲಿನ ಸವಾರರು ಬಂದ ಬಗೆ ವಿಶೇಷವಾದದ್ದು. ಗಡಿಯಾಚೆ ಮೆಕ್ಸಿಕೋದ ತಮೌಲಿಪಾಸ್ ಪ್ರಾಂತದಲ್ಲಿ ಆ ವರ್ಷಗಳಲ್ಲಿ ಘೋರ ಬರ. ಕ್ಯಾಪ್ಟನ್ ಒಂದು ಹಳ್ಳಿಗೆ ಹೋಗಿ, ಮೇವಿಲ್ಲದೆ ಸೊರಗಿದ್ದ ದನಗಳನ್ನೆಲ್ಲ ಕೊಂಡನು. ಕೊಂಡು ಹೊರಟಮೇಲೆ ಯೋಚನೆ ಬಂದಿತು: ದನವೂ ಹೋಯಿತು, ಇನ್ನು ಈ ಜನ ಏನು ಮಾಡಿ ಬದುಕುವರು? ಹಿಂದಿರುಗಿ ಬಂದು, ‘ನೀವೂ ಬನ್ನಿ, ಮನೆ, ಅನ್ನ, ಕೂಲಿ ಕೊಡುತ್ತೇನೆ’ ಎಂದನು. ಮುದುಕರು, ಮಕ್ಕಳು, ಕೋಳಿ, ಗಂಟುಮೂಟೆ ಸಹಿತವಾಗಿ ಊರಿಗೆ ಊರೇ ಉತ್ತರಕ್ಕೆ ನಡೆಯಿತು. ಇವರಿಗೆ ಮುಂದೆ ‘ಕಿನೇನ್ಯೋ’ಗಳು, ಎಂದರೆ ಕಿಂಗನ ಜನ, ಎಂಬ ಹೆಸರಾಯಿತು. ಇವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಆ ನೆಲದಲ್ಲಿಯೇ ಹುಟ್ಟಿ ಅಲ್ಲಿಯೇ ದುಡಿದರು. ಕ್ಯಾಪ್ಟನ್ನನಿಗೆ ಹಡಗು ನಡೆಸಲು ಗೊತ್ತಿತ್ತು. ದನದ ವಿದ್ಯೆ ಗೊತ್ತಿದ್ದುದು ಇವರಿಗೆ. ಹಗ್ಗದ ಕುಣಿಕೆ ಎಸೆಯುವುದು, ಮುದ್ರೆ ಒತ್ತುವುದು, ಕಾಡುಕುದುರೆ ಪಳಗಿಸುವುದು ಎಲ್ಲವೂ ಅವರು ಕಲಿಸಿದ್ದು. ‘ವಕೇರೊ’ ಎಂಬ ಸ್ಪ್ಯಾನಿಷ್ ಪದಕ್ಕೆ ದನಗಾಹಿ ಎಂದೇ ಅರ್ಥ. ಸಿನಿಮಾಗಳಲ್ಲಿ ಕಾಣುವ ಅಮೆರಿಕದ ಕೌಬಾಯ್ ಈ ವಕೇರೊಗಳ ಶಿಷ್ಯ.

ಊರನ್ನು ಕರೆತಂದದ್ದು ಗಂಡ. ಊರನ್ನು ಸಾಕುವ ಹೊಣೆ ಬಿದ್ದದ್ದು ಹೆಂಡತಿಯ ಮೇಲೆ. ಅವರ ಮನೆಗಳು ಹೇಗಿರಬೇಕು, ಮಕ್ಕಳಿಗೆ ಅಕ್ಷರ ಕಲಿಸುವವರು ಯಾರು, ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಬಾಣಂತನ ಇದೆಲ್ಲ ಆಕೆಯ ಲೆಕ್ಕಕ್ಕೆ ಸೇರಿತು. ಆ ಜನ ಆಕೆಯನ್ನು ‘ಲಾ ಪತ್ರೋನಾ’ ಎಂದರು. ಯಜಮಾನಿತಿ ಎಂದು ಅರ್ಥ. ಆಕೆ ಪ್ರೆಸ್ಬಿಟೀರಿಯನ್, ಅವರು ಕ್ಯಾಥೊಲಿಕರು. ಆಕೆಯ ಮಾತು ಇಂಗ್ಲಿಷ್, ಅವರದು ಸ್ಪ್ಯಾನಿಷ್. ಇಷ್ಟೆಲ್ಲ ಭೇದವಿದ್ದರೂ ಸಂಬಂಧ ಉಳಿಯಿತು. ಅದು ಸಮಾನರ ಸಂಬಂಧವಾಗಿರಲಿಲ್ಲವೆಂಬುದೂ ನಿಜ. ಒಡೆತನ ಒಂದು ಕಡೆ, ದುಡಿಮೆ ಇನ್ನೊಂದು ಕಡೆ. ಆದರೆ ಹಸಿದಾಗ ಅನ್ನವೂ ಮುಪ್ಪಿನಲ್ಲಿ ನೆರಳೂ ಇದ್ದ ಕಡೆ ಜನ ನಿಲ್ಲುತ್ತಾರೆ.

ಮನೆಯಲ್ಲಿ 1856ರಿಂದ 1864ರವರೆಗೆ ಐದು ಮಕ್ಕಳಾದವು: ನೆಟ್ಟಿ, ಎಲ್ಲಾ, ರಿಚರ್ಡ್, ಆಲಿಸ್, ಕೊನೆಯವನು ರಾಬರ್ಟ್ ಲೀ. ಕ್ಯಾಪ್ಟನ್ ಹಡಗು ವ್ಯಾಪಾರವನ್ನೂ ಬಿಟ್ಟಿರಲಿಲ್ಲವಾಗಿ ಮನೆಯಲ್ಲಿ ನಿಂತ ದಿನ ಕಡಮೆ. ಆ ದಿನಗಳ ಒಂದು ಕಥೆ ಅವರ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಒಂದು ದಿನ ಹೆನ್ರಿಯೆಟ್ಟಾ ಬ್ರೆಡ್ಡು ಸುಡುತ್ತಿದ್ದಳು. ಪಕ್ಕದಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಎಳೆಗೂಸು ನೆಟ್ಟಿ. ತಿರುಗಿ ನೋಡಿದರೆ ಮೂಲನಿವಾಸಿ ಬುಡಕಟ್ಟಿನವನೊಬ್ಬ ಒಳಗೆ ನುಗ್ಗಿ ತೊಟ್ಟಿಲ ಮೇಲೆ ದೊಣ್ಣೆ ಎತ್ತಿ ನಿಂತಿದ್ದಾನೆ. ಇನ್ನೊಂದು ಕೈಯಿಂದ ಬ್ರೆಡ್ಡಿನ ಕಡೆ ಸನ್ನೆ ಮಾಡುತ್ತಿದ್ದಾನೆ. ಆಕೆ ಕೂಗಲಿಲ್ಲ. ಸುಟ್ಟಿದ್ದ ಬ್ರೆಡ್ಡನ್ನೆಲ್ಲ ಎತ್ತಿ ಅವನ ಕೈಗೆ ಕೊಟ್ಟಳು. ಅವನು ಹೊರಟುಹೋದನು. ಇಷ್ಟೇ ಕಥೆ. ಆಕೆಯನ್ನು ವೀರಾಂಗನೆಯನ್ನಾಗಿಸಲು ಹೇಳುವವರು ಹೇಳಲಿ. ಕಥೆಯ ಇನ್ನೊಂದು ಮಗ್ಗುಲು ಕೂಡ ಗಮನಿಸಬೇಕಾದದ್ದು. ದೊಣ್ಣೆ ಹಿಡಿದು ಬಂದವನು ಕೇಳಿದ್ದು ಹೊನ್ನನ್ನಲ್ಲ, ರೊಟ್ಟಿಯನ್ನು. ಆ ಬಯಲಿನಲ್ಲಿ ಯಾರು ಯಾರ ನೆಲಕ್ಕೆ ನುಗ್ಗಿದವರೆಂಬ ಪ್ರಶ್ನೆಯೂ ಆ ತೊಟ್ಟಿಲ ಪಕ್ಕದಲ್ಲಿಯೇ ನಿಂತಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ಸಂಸ್ಥಾನಗಳ ಪಕ್ಷವನ್ನು ಕ್ಯಾಪ್ಟನ್ ಹಿಡಿದನು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತ್ತು. ಹತ್ತಿಯನ್ನು ಹೊರದೇಶಕ್ಕೆ ಸಾಗಿಸಲು ಉಳಿದ ದಾರಿ ಮೆಕ್ಸಿಕೋ ಒಂದೇ. ಆ ದಾರಿಯಲ್ಲಿ ಕಿಂಗನ ಕಾವಲು ದೊಡ್ಡ ತಂಗುದಾಣ. ಹತ್ತಿಯ ಗಾಡಿಗಳು ಸಾಲುಸಾಲಾಗಿ ಬಂದವು; ಕ್ಯಾಪ್ಟನ್ನನ ಪೆಟ್ಟಿಗೆಗೆ ಹಣವೂ ಹಾಗೆಯೇ ಬಂದಿತು. ಈ ಹಣದ ಮೂಲ ಗುಲಾಮರ ಬೆವರೆಂಬುದನ್ನು ಮರೆಯಬಾರದು.

1863ರ ಡಿಸೆಂಬರಿನಲ್ಲಿ ಉತ್ತರದ ಸೈನಿಕರು ಕಾವಲಿನ ಮೇಲೆ ಬರುವ ಸುದ್ದಿ ತಿಳಿಯಿತು. ಬಂದರೆ ಹಿಡಿಯುವುದು ತನ್ನನ್ನು, ತಾನಿಲ್ಲದಿದ್ದರೆ ಹೆಂಗಸರು ಮಕ್ಕಳನ್ನು ಮುಟ್ಟಲಾರರು ಎಂದು ಲೆಕ್ಕ ಹಾಕಿ ಕ್ಯಾಪ್ಟನ್ ರಾತ್ರೋರಾತ್ರಿ ಹೊರಟುಹೋದನು. ಹೆನ್ರಿಯೆಟ್ಟಾ ಆಗ ತುಂಬುಗರ್ಭಿಣಿ. ಮನೆಯಲ್ಲಿ ವೃದ್ಧ ತಂದೆ, ನಾಲ್ಕು ಸಣ್ಣ ಮಕ್ಕಳು. ಕಾವಲಿಗೆ ಫ್ರಾನ್ಸಿಸ್ಕೊ ಅಲ್ವರಾಡೊ ಎಂಬ ನಂಬಿಕೆಯ ಕಿನೇನ್ಯೋ ನಿಂತಿದ್ದನು. ನಸುಕಿನಲ್ಲಿ ಬಂದ ಸೈನಿಕರು ಅವನನ್ನೇ ಕ್ಯಾಪ್ಟನ್ ಎಂದು ತಿಳಿದು ಗುಂಡು ಹಾರಿಸಿದರು. ಮನೆಯ ಮುಂದೆಯೇ ಅವನು ಪ್ರಾಣಬಿಟ್ಟನು. ಸೈನಿಕರು ಮನೆಯೊಳಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಸೂರೆಮಾಡಿ ಹೋದರು. ಹೆನ್ರಿಯೆಟ್ಟಾ ಮಕ್ಕಳನ್ನು ಕಟ್ಟಿಕೊಂಡು ಸಾನ್ ಪಾಟ್ರಿಸಿಯೊ ಎಂಬ ಊರಿಗೆ ಹೋದಳು. ಮುಂದಿನ ಫೆಬ್ರವರಿಯಲ್ಲಿ ಅಲ್ಲಿ ಐದನೆಯ ಮಗು ಹುಟ್ಟಿತು. ದಕ್ಷಿಣದವರ ಸೇನಾಪತಿಯ ಹೆಸರನ್ನೇ ಅದಕ್ಕೆ ಇಟ್ಟರು. ಮಲಗಿದ್ದವರನ್ನು ಕಾಯಲು ನಿಂತು ಸತ್ತ ಅಲ್ವರಾಡೊನ ಹೆಸರನ್ನು ಎಲ್ಲಿಯೂ ಇಟ್ಟಂತೆ ತೋರುವುದಿಲ್ಲ.

ಯುದ್ಧ ಮುಗಿದಮೇಲೆ ಐಶ್ವರ್ಯ ಬೆಳೆಯಿತು. 1869ರಿಂದ 1884ರವರೆಗೆ ಒಂದು ಲಕ್ಷಕ್ಕೂ ಮೀರಿದ ದನಕುದುರೆಗಳನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಉತ್ತರದ ಪೇಟೆಗಳಲ್ಲಿ ಮಾರಿದರು. ಗುಡಿಸಲು ಹೋಗಿ ಮನೆಯಾಯಿತು. ಹರಿವಾಣಗಳು ಒಳಗೆ ಬಂದವು. ಕ್ಯಾಪ್ಟನ್ ಹೆಂಡತಿಗೆ ವಜ್ರದ ಓಲೆ ತಂದುಕೊಟ್ಟನು. ಪಾದ್ರಿಯ ಮಗಳಿಗೆ ಸಂಕಟವಾಯಿತು. ತೊಟ್ಟರೆ ಆಡಂಬರ, ತೊಡದಿದ್ದರೆ ಗಂಡನ ಮನಸ್ಸಿಗೆ ನೋವು. ಆಕೆ ವಜ್ರಗಳಿಗೆ ಕಪ್ಪು ಎನಾಮಲ್ ಬಳಿಸಿ ತೊಟ್ಟುಕೊಂಡಳೆಂದು ಹೇಳುತ್ತಾರೆ. ಹೊಳೆಯದ ವಜ್ರ! ಗಂಡನ ಮಾತೂ ನಡೆಯಿತು, ತನ್ನ ನೇಮವೂ ನಡೆಯಿತು. ಗಂಡನ ವಿಸ್ಕಿಯ ವಿಷಯದಲ್ಲಿ ಮಾತ್ರ ಇಂಥ ಯಾವ ಉಪಾಯವೂ ಆಕೆಗೆ ಸಿಕ್ಕಿದಂತೆ ಕಾಣುವುದಿಲ್ಲ.

ಅಂತರ್ಯುದ್ಧದ ನಡುವೆ ಹುಟ್ಟಿದ ಆ ಕಿರಿಯ ಮಗ ರಾಬರ್ಟ್ ಲೀಯ ಮೇಲೆಯೇ ತಂದೆಯ ಎಲ್ಲ ಆಸೆಯೂ ನಿಂತಿತ್ತು. ಹುಡುಗನಿಗೆ ದನಗಳಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಒಲವು. ವ್ಯಾಪಾರದ ಶಿಕ್ಷಣಕ್ಕಾಗಿ ಸೇಂಟ್ ಲೂಯಿಸ್ ನಗರಕ್ಕೆ ಕಳುಹಿಸಿದರು. 1883ರಲ್ಲಿ ಅಲ್ಲಿ ಪುಪ್ಪುಸದ ಜ್ವರ ಬಂದು, ಹತ್ತೊಂಬತ್ತು ವರ್ಷದ ಹುಡುಗ ತೀರಿಕೊಂಡನು. ಹೆನ್ರಿಯೆಟ್ಟಾ ಹಾಸಿಗೆ ಹಿಡಿದಳು. ಕ್ಯಾಪ್ಟನ್ನನ ಎದೆ ಒಡೆಯಿತು. ಮೂವತ್ತು ವರ್ಷ ಎಕರೆಗೆ ಎಕರೆ ಕೂಡಿಸಿದವನು ಎಲ್ಲವನ್ನೂ ಮಾರಿಬಿಡುವ ಮಾತಿಗೆ ಬಂದನು. ವ್ಯಾಪಾರ ಕುದುರಲಿಲ್ಲ. ಎರಡು ವರ್ಷದಲ್ಲಿ ಹೊಟ್ಟೆಯ ಅರ್ಬುದರೋಗ ಅವನನ್ನೂ ಕೊಂಡೊಯ್ಯಿತು. 1885ರ ಏಪ್ರಿಲ್ 14ರಂದು, ಸಾನ್ ಆಂಟೋನಿಯೊ ನಗರದ ಮೆಂಗರ್ ಹೋಟೆಲಿನಲ್ಲಿ ಅವನು ಸತ್ತನು. ಸಾಯುವ ಮುನ್ನ ತನ್ನ ವಕೀಲನಿಗೆ ಕಳುಹಿಸಿದ ಸಂದೇಶ, ಸಾಂತಾ ಗೆರ್ಟ್ರೂಡಿಸ್‌ನ ಒಂದು ಅಡಿ ನೆಲವೂ ಕೈಬಿಟ್ಟು ಹೋಗಬಾರದೆಂಬುದು.

ಉಯಿಲು ಸರಳವಾಗಿತ್ತು. ಸಮಸ್ತವೂ ಹೆಂಡತಿಗೆ. ‘ಸಮಸ್ತ’ ಎಂಬ ಮಾತಿನಲ್ಲಿ ಎರಡು ಐದು ಲಕ್ಷಗಳು ಅಡಗಿದ್ದವು: ಸುಮಾರು ಐದು ಲಕ್ಷ ಎಕರೆ ನೆಲ, ಐದು ಲಕ್ಷ ಡಾಲರು ಸಾಲ. ಆಗ ಆಕೆಗೆ ಐವತ್ತೆರಡು ವರ್ಷ. ಆ ವಯಸ್ಸಿನಲ್ಲಿ, ಅಷ್ಟು ನೆಲವಿದ್ದಾಗ, ಅರ್ಧವನ್ನು ಮಾರಿ ಸಾಲ ತೀರಿಸಿ ಉಳಿದ ಹಣದಲ್ಲಿ ಪಟ್ಟಣದ ಮನೆಯೊಂದರಲ್ಲಿ ಸುಖವಾಗಿರಬಹುದಾಗಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ. ಆಕೆ ಕಪ್ಪುಡುಗೆ ತೊಟ್ಟು ಸಾಂತಾ ಗೆರ್ಟ್ರೂಡಿಸ್‌ಗೆ ಹಿಂದಿರುಗಿದಳು. ಆ ಕಪ್ಪನ್ನು ಮತ್ತೆ ಕಳಚಲೇ ಇಲ್ಲ.

ಸಹಾಯಕ್ಕೆ ಆಕೆ ಆರಿಸಿಕೊಂಡದ್ದು ರಾಬರ್ಟ್ ಕ್ಲೇಬರ್ಗ್ ಎಂಬ ತರುಣ ವಕೀಲನನ್ನು. ಇವನ ಪೂರ್ವವೃತ್ತಾಂತ ಸ್ವಾರಸ್ಯವಾದದ್ದು. 1881ರಲ್ಲಿ ಕ್ಯಾಪ್ಟನ್ನನ ಮೇಲೆ ಮೊಕದ್ದಮೆ ನಡೆಸಿ ಗೆದ್ದವನು ಇವನೇ. ಸೋತ ಕ್ಯಾಪ್ಟನ್ ಸಿಟ್ಟಾಗುವುದಕ್ಕೆ ಬದಲು, ತನ್ನನ್ನು ಸೋಲಿಸಿದವನೇ ತನಗೆ ತಕ್ಕ ವಕೀಲನೆಂದು ನೇಮಿಸಿಕೊಂಡನು. ಮನೆಗೆ ಹೋಗಿ ಬರುವಾಗ ಕಿರಿಯ ಮಗಳು ಆಲಿಸ್ ಕಣ್ಣಿಗೆ ಬಿದ್ದಳು. ಕ್ಯಾಪ್ಟನ್ ತೀರಿದ ಮರುವರ್ಷ ಅವರಿಬ್ಬರ ಮದುವೆ ನಡೆಯಿತು. ಮಗಳು ತಾಯಿಯನ್ನು ಬಿಟ್ಟುಹೋಗಲಿಲ್ಲ. ಅಳಿಯ ಮನೆ ಅಳಿಯನಾದನು. ಅತ್ತೆಯ ಮನೆಯಲ್ಲಿ ಅಳಿಯ ನೆಲಸಿದರೆ ಏನಾಗುವುದೆಂಬುದರ ಮೇಲೆ ಗಾದೆಗಳಿಗೆ ಕೊರತೆಯಿಲ್ಲ. ಇಲ್ಲಿ ಆ ಗಾದೆಗಳು ಸುಳ್ಳಾದವು. ಕ್ಲೇಬರ್ಗ್ ಕಾವಲನ್ನು ನೋಡಿಕೊಂಡನು. ದೊಡ್ಡ ನಿರ್ಧಾರಗಳಿಗೆ ಆಕೆಯ ಒಪ್ಪಿಗೆ ಬೇಕು. ಹತ್ತು ವರ್ಷ ನೋಡಿದ ಮೇಲೆ, 1895ರಲ್ಲಿ ಮಾತ್ರ, ಆಕೆ ಅವನಿಗೆ ಅಧಿಕಾರಪತ್ರ ಬರೆದುಕೊಟ್ಟಳು. ಆ ವೇಳೆಗೆ ನೆಲ ಕರಗುವ ಬದಲು ಆರೂವರೆ ಲಕ್ಷ ಎಕರೆಯಾಗಿತ್ತು. ಸಾಲವೂ ಕ್ರಮವಾಗಿ ತೀರಿತು.

ಇದು ಕಾಗದದ ಮೇಲೆ ಸುಲಭವಾಗಿ ಓಡುವ ಲೆಕ್ಕ. ನೆಲದ ಮೇಲೆ ಹಾಗಿರಲಿಲ್ಲ. ಆ ಹತ್ತು ವರ್ಷದಲ್ಲಿ ಮತ್ತೆ ಮತ್ತೆ ಬರ ಬಿದ್ದಿತು. ಹಳ್ಳ ಬತ್ತಿತು, ಹುಲ್ಲು ಬೂದಿಯಾಯಿತು. ಪಾಪಾಸುಕಳ್ಳಿಯ ಮುಳ್ಳನ್ನು ಸುಟ್ಟು ದನಕ್ಕೆ ಹಾಕುವ ಕಾಲ ಆ ಸೀಮೆಗೆ ಬಂದಿತ್ತು. ಜೊತೆಗೆ ಉಣ್ಣೆಹುಳುವಿನಿಂದ ಹರಡುವ ಜ್ವರ. ಟೆಕ್ಸಾಸಿನ ದನವೆಂದರೆ ಉತ್ತರದ ಸಂಸ್ಥಾನಗಳು ಗಡಿಯಲ್ಲಿಯೇ ತಡೆಯುತ್ತಿದ್ದವು. ಸಾಲಗಾರರಿಗೆ ಮಳೆಯ ಸಮಾಚಾರ ಬೇಕಾಗಿರಲಿಲ್ಲ. ಕಡೆಗೆ 1899ರಲ್ಲಿ ಆಳವಾಗಿ ಕೊರೆದ ಬಾವಿಯಿಂದ ನೀರು ತಾನಾಗಿಯೇ ಉಕ್ಕಿ ಮೇಲೆ ಬಂದಿತು. ಆ ನೀರನ್ನು ಕಂಡು ಕ್ಲೇಬರ್ಗ್ ಅತ್ತನೆಂದು ಹೇಳುತ್ತಾರೆ. ಬರದ ಸೀಮೆಯವರಿಗೆ ಇದು ಅತಿಶಯೋಕ್ತಿಯೆಂದು ತೋರಲಾರದು.

ನೀರು ಬಂದಮೇಲೆ ಯಜಮಾನಿತಿಯ ಮನಸ್ಸು ಜನವಸತಿಯ ಕಡೆ ತಿರುಗಿತು. ರೈಲುಮಾರ್ಗಕ್ಕೆಂದು ಸುಮಾರು 75,000 ಎಕರೆ ನೆಲವನ್ನು ಬಿಟ್ಟುಕೊಡಲು ಮುಂದೆ ಬಂದಳು. 1904ರ ಜುಲೈ 4ರಂದು ಕಿಂಗ್ಸ್‌ವಿಲ್ ಎಂಬ ಹೊಸ ಪಟ್ಟಣ ಹುಟ್ಟಿತು. ತನ್ನ ಪಂಥಕ್ಕೆ ದೇವಾಲಯ ಕಟ್ಟಿಸಿದಳು. ಬ್ಯಾಪ್ಟಿಸ್ಟ್, ಮೆಥೊಡಿಸ್ಟ್, ಎಪಿಸ್ಕೋಪಲ್, ಕ್ಯಾಥೊಲಿಕ್ ಪಂಥಗಳಿಗೂ ನಿವೇಶನ ಕೊಟ್ಟಳು. ಪ್ರೌಢಶಾಲೆಯನ್ನು ಕಟ್ಟಿಸಿ ಊರಿಗೆ ಒಪ್ಪಿಸಿದಳು. ಕೊಟ್ಟ ಕೈ ಧಾರಾಳವಾದದ್ದು. ಆದರೆ ಶರತ್ತಿಲ್ಲದೆ ಕೊಡುವ ಕೈಯಲ್ಲ. ಕಿಂಗ್ಸ್‌ವಿಲ್‌ನ ನಿವೇಶನಗಳ ಕ್ರಯಪತ್ರದಲ್ಲಿ ಮದ್ಯ ಮಾರಕೂಡದೆಂಬ ಒಂದು ಕಲಮು ಇರುತ್ತಿತ್ತು. ಮೂವತ್ತು ವರ್ಷ ಗಂಡನ ಗಾಜಿನ ಮುಂದೆ ನಡೆಯದಿದ್ದ ಆಜ್ಞೆಯನ್ನು ಆಕೆ ಒಂದು ಪಟ್ಟಣದ ಮೇಲೆ ನಡೆಸಿದಳು.

1912ರ ಜನವರಿಯಲ್ಲಿ, ಆಕೆಗೆ ಎಂಬತ್ತು ಸಮೀಪಿಸಿದ್ದಾಗ, ಹಳೆಯ ಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಮಕ್ಕಳು ಹುಟ್ಟಿ ಬೆಳೆದ, ಗಂಡನ ಹೆಜ್ಜೆಯ ಸಪ್ಪಳವಿದ್ದ ಮನೆ. ಅದರ ಸ್ಥಳದಲ್ಲಿ ಎದ್ದ ಹೊಸ ಮನೆ ಅರಮನೆಯಂಥದು: ಬಿಳಿಯ ಗೋಡೆ, ಎತ್ತರದ ಗೋಪುರ. ಅದನ್ನು ಕಟ್ಟುವಾಗ ಆಕೆ ಅಳಿಯನಿಗೆ ಹೇಳಿದ್ದು ಒಂದೇ ಮಾತೆಂದು ಪ್ರತೀತಿ. ಕಾಲಿನ ಬೂಟು ಕಳಚದೆ ಯಾರು ಬೇಕಾದರೂ ಒಳಗೆ ಬರುವಂಥ ಮನೆಯಾಗಿರಬೇಕು. ಸಂಗಮರಮರಿಯ ನೆಲದ ಮೇಲೆ ದನಗಾಹಿಯ ಬೂಟು ಹೇಗೆ ನಡೆಯಿತೋ, ಆತ ಎಷ್ಟು ಸಂಕೋಚಪಟ್ಟನೋ ಹೇಳಬಂದಿಲ್ಲ. ಆಕೆ ಹೊರಗೋಡೆಗೆ ಹರಿವಾಣ ತೂಗುಹಾಕಿದ್ದ ದಿನವನ್ನು ಮರೆತಿರಲಿಲ್ಲವೆಂಬುದು ಸ್ಪಷ್ಟ.

ಆಕೆಯ ಕಡೆಯ ವರ್ಷಗಳಲ್ಲಿ ಕಾವಲಿನಲ್ಲಿ ನಡೆದ ಒಂದು ಕೆಲಸಕ್ಕೆ ಕನ್ನಡ ನಾಡಿನ ನಂಟೂ ಇದೆ. ಟೆಕ್ಸಾಸಿನ ಬಿಸಿಲಿಗೂ ಉಣ್ಣೆಹುಳುವಿಗೂ ಇಂಗ್ಲೆಂಡಿನಿಂದ ತಂದ ಷಾರ್ಟ್‌ಹಾರ್ನ್ ದನಗಳು ತಾಳಲಾರದೆ ಹೋದವು. ತಾಳುವಂಥವು ಹಿಣಿಲಿರುವ ಭಾರತದ ದನಗಳು. ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲು, ಇವುಗಳೊಡನೆ ಬೆಳಗಾವಿ ವಿಜಾಪುರದ ಕಡೆಯ ಕೃಷ್ಣಾತೀರದ ತಳಿಯೂ ಬೆರೆತು ಅಮೆರಿಕದಲ್ಲಿ ‘ಬ್ರಾಹ್ಮನ್’ ಎಂಬ ಜಾತಿಯ ದನ ಆಗಿತ್ತು. ಹೆಸರಿಟ್ಟವರು ಇಲ್ಲಿನ ಜಾತಿಪದ್ಧತಿಯನ್ನು ಕೇಳಿ ಇಡಲಿಲ್ಲವೆಂದು ತೋರುತ್ತದೆ. 1910ರಲ್ಲಿ ನೆರೆಯ ಜಮೀನುದಾರನೊಬ್ಬನು ಕೊಟ್ಟ ಅರೆ ಬ್ರಾಹ್ಮನ್ ಹೋರಿಯಿಂದ ಮಿಶ್ರತಳಿಯ ಪ್ರಯೋಗ ಮೊದಲಾಯಿತು. 1918ರಲ್ಲಿ ಇನ್ನೂ 52 ಹೋರಿಗಳನ್ನು ಕೊಂಡರು. 1920ರಲ್ಲಿ ಹುಟ್ಟಿದ ‘ಮಂಕಿ’ ಎಂಬ ಕೆಂಪು ಹೋರಿಯ ಸಂತಾನವೇ ಸಾಂತಾ ಗೆರ್ಟ್ರೂಡಿಸ್ ತಳಿ. 1940ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದನ್ನು ಹೊಸ ತಳಿಯೆಂದು ಮಾನ್ಯಮಾಡಿತು. ಆ ಕೆಲಸವನ್ನು ಮುನ್ನಡೆಸಿದವನು ಆಕೆಯ ಮೊಮ್ಮಗ. ತಳಿ ಹೆಸರಾದುದನ್ನು ನೋಡಲು ಅಜ್ಜಿ ಇರಲಿಲ್ಲ. ಕೃಷ್ಣಾತೀರದ ಮೂಲ ತಳಿಯೇ ಇಂದು ತನ್ನ ಊರಿನಲ್ಲಿ ಅಪರೂಪವಾಗಿರುವುದನ್ನು ನೆನೆದರೆ ಈ ಸಂತೋಷ ಅರ್ಧಕ್ಕೆ ನಿಲ್ಲುತ್ತದೆ.

ಐದು ಮಕ್ಕಳನ್ನು ಹೆತ್ತವಳು ಕೊನೆಗಾಲದಲ್ಲಿ ಮನೆತುಂಬ ಮೊಮ್ಮಕ್ಕಳನ್ನು ಕಂಡಳು. ಪೀಳಿಗೆಯ ಮೇಲೆ ಪೀಳಿಗೆಯ ಕಿನೇನ್ಯೋ ಮಕ್ಕಳನ್ನೂ ಕಂಡಳು. ಶಿಕ್ಷಕರ ಕಾಲೇಜೊಂದಕ್ಕೆ ನೆಲ ಕೊಟ್ಟದ್ದು ಆಕೆಯ ಕಡೆಯ ದಾನಗಳಲ್ಲಿ ಒಂದು. ಆ ಕಾಲೇಜು ತೆರೆದದ್ದು ಆಕೆ ತೀರಿದ ವರ್ಷವೇ. ಇಂದು ಅದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಕಿಂಗ್ಸ್‌ವಿಲ್ ಶಾಖೆ.

1925ರ ಮಾರ್ಚ್ 31ರಂದು ಆಕೆ ತೀರಿಕೊಂಡಳು. ಸುದ್ದಿ ಕಾವಲಿನ ಮೂಲೆಮೂಲೆಗೆ ಹೋಯಿತು. ಸುಮಾರು ಇನ್ನೂರು ವಕೇರೊಗಳು ಕುದುರೆಯ ಮೇಲೆ ಬಂದು ಸೇರಿದರು. ಒಂದೊಂದು ಕುದುರೆಯ ಮೇಲೂ ಕಾವಲಿನ ಮುದ್ರೆ: ಹಾವಿನಂತೆ ಹರಿದ ‘ಡಬ್ಲ್ಯೂ’ ಅಕ್ಷರ. ಶವದ ಗಾಡಿಯ ಎರಡು ಬದಿಗೂ ಸಾಲಾಗಿ ಅವರು ಕಿಂಗ್ಸ್‌ವಿಲ್‌ನ ಸ್ಮಶಾನದವರೆಗೆ ನಡೆಸಿಕೊಂಡು ಬಂದರು. ಆ ಸ್ಮಶಾನಕ್ಕೆ ಆಕೆಯ ತಂದೆಯ ಹೆಸರು. ಪ್ರಾರ್ಥನೆ ಮುಗಿಯಿತು. ಆಮೇಲೆ ಒಬ್ಬೊಬ್ಬ ಸವಾರನೂ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ಕುದುರೆಯನ್ನು ಓಡಿಸಿ, ತೆರೆದ ಗೋರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂದಕ್ಕೆ ಸರಿದನು. ಹೀಗೆ ಇನ್ನೂರು ಸುತ್ತು. ಯಾರೂ ಮಾತಾಡಲಿಲ್ಲ.

ನಲವತ್ತು ವರ್ಷದಿಂದ ಸಾನ್ ಆಂಟೋನಿಯೊದಲ್ಲಿ ಮಲಗಿದ್ದ ಕ್ಯಾಪ್ಟನ್ನನ ಅವಶೇಷಗಳನ್ನು ಅಲ್ಲಿಂದ ತೆಗೆದು ತಂದು, ಅನಂತರ ಆಕೆಯ ಪಕ್ಕದಲ್ಲಿ ಇಟ್ಟರು.